ಗೂಟ ಹೋಯ್ತು, ಫಾರ್ಚೂನರ್ ಬಂತು: ಕಾರ್ ನೋಡಿ ಮನುಷ್ಯನ್ನ ಅಳೆಯೋ ನಮ್ಮ ಚಾಳಿ

ಸ್ವಲ್ಪ ದಿನದ ಹಿಂದೆ ಹಾಸನದ ಕಡೆ ಒಂದು ಗೃಹಪ್ರವೇಶಕ್ಕೆ ಹೋಗ್ಬೇಕಿತ್ತು, ನಮ್ಮ ವ್ಯಾಗನ್ ಆರ್ ಕ್ಲಚ್ ಪ್ಲೇಟ್ ಕೆಲಸಕ್ಕೆ ಗ್ಯಾರೇಜ್ ಸೇರಿತ್ತು, ಅದಕ್ಕೆ ನಮ್ಮ ಭಾವ ಅವರ ಫಾರ್ಚೂನರ್ ಕೀ ಕೊಟ್ಟು ‘ಇದನ್ನೇ ತಗೊಂಡ್ ಹೋಗಿ, ಡೀಸೆಲ್ ಹಾಕಿಸ್ಕೊಳ್ಳಿ’ ಅಂದ್ರು. ಬಿಳೀ ಗಾಡಿ, ಏಣಿ ಹತ್ತಿದಂಗೆ ಹತ್ತಿ ಕೂರ್ಬೇಕು. ಓಡಿಸೋನು ಅದೇ ನಾನು, ಅದೇ ಸ್ವಲ್ಪ ಪುಕ್ಕಲು ಡ್ರೈವಿಂಗು, ಲಾರಿ ಪಕ್ಕ ಓವರ್‌ಟೇಕ್ ಮಾಡೋವಾಗ ಈಗ್ಲೂ ಉಸಿರು ಬಿಗಿ ಹಿಡ್ಕೊಳ್ಳೋ ಜಾತಿ. ಆದ್ರೆ ನೆಲಮಂಗಲ ದಾಟಿ ಕುಣಿಗಲ್ ಕಡೆ ತಿರುಗಿದ್ದೇ ತಡ ಏನೋ ಬೇರೆ ಥರ ಆಗ್ತಿದೆ ಅನ್ಸಕ್ಕೆ ಶುರುವಾಯ್ತು. ರೈಟ್ ಲೇನಲ್ಲಿ ಮುಂದೆ ಹೋಗ್ತಿದ್ದ ಗಾಡಿಗಳು ನಾನು ಹಾರ್ನ್ ಹೊಡಿಯೋಕೆ ಮುಂಚೇನೇ ಎಡಕ್ಕೆ ಸರ್ಕೊಂಡು ಸೈಡ್ ಕೊಡ್ತಿವೆ! ವ್ಯಾಗನ್ ಆರಲ್ಲಿ ನಾಕು ಸಲ ಡಿಪ್ಪರ್ ಹೊಡೆದ್ರೂ ಮುಂದಿನೋನು ಕ್ಯಾರೇ ಅನ್ನಲ್ಲ, ನಾನೇ ಸೋತು ಎಡಗಡೆಯಿಂದ ತೂರ್ಕೊಂಡು ಹೋಗ್ಬೇಕು.

ಕಾಫಿಗೆ ಅಂತ ಯಾವಾಗ್ಲೂ ನಿಲ್ಸೋ ಹೋಟೆಲ್ ಹತ್ರ ನಿಲ್ಸಿದ್ರೆ ಅಲ್ಲಿನ ಪಾರ್ಕಿಂಗ್ ನೋಡ್ಕೊಳ್ಳೋನು ಓಡಿ ಬಂದು, ಪ್ಲಾಸ್ಟಿಕ್ ಚೇರ್ ಎತ್ತಿಟ್ಟು ‘ಬನ್ನಿ ಸಾರ್ ಬನ್ನಿ, ಇಲ್ಲೇ ಮುಂದೇನೇ ಹಾಕಿ’ ಅಂದ. ಅದೇ ಮನುಷ್ಯ, ಅದೇ ಜಾಗ, ಸಂಕ್ರಾಂತಿಗೆ ಊರಿಗೆ ಹೋಗೋವಾಗ ನಮ್ಮ ಕಾರು ನೋಡಿ ಸೀಟಿ ಊದ್ತಾ ‘ಏ ಹಿಂದಕ್ಕೆ ಹಾಕು ಹಿಂದಕ್ಕೆ’ ಅಂತ ಕೈ ಬೀಸಿದ್ದ. ‘ಹಾಕು’ ಹೋಗಿ ‘ಹಾಕಿ’ ಆಗಕ್ಕೆ ನಾನೇನೂ ಮಾಡಿರ್ಲಿಲ್ಲ, ಗಾಡಿ ಬದ್ಲಾಗಿತ್ತು ಅಷ್ಟೇ.

ಇದಕ್ಕಿಂತ ನಾಚಿಕೆ ಆಗೋ ವಿಷ್ಯ ಇನ್ನೊಂದಿದೆ. ವಾಪಸ್ ಬರೋವಾಗ ಚನ್ನರಾಯಪಟ್ಟಣ ದಾಟಿದ ಮೇಲೆ ಒಂದು ಹಳೇ ಆಲ್ಟೋ ರೈಟ್ ಲೇನಲ್ಲಿ ಅದರ ಪಾಡಿಗೆ ಎಂಬತ್ತರಲ್ಲಿ ಹೋಗ್ತಿತ್ತು, ನಾನು ಅದರ ಬೆನ್ನಿಗೆ ಅಂಟ್ಕೊಂಡು ಡಿಪ್ಪರ್ ಮೇಲೆ ಡಿಪ್ಪರ್ ಹೊಡೀತಿದೀನಿ, ‘ಸೈಡ್ ಕೊಡಕ್ಕೇನು ರೋಗ ಇವನಿಗೆ’ ಅಂತ ಬೇರೆ ಬೈತಿದೀನಿ. ಪಕ್ಕದಲ್ಲಿದ್ದ ನನ್ನ ಹೆಂಡ್ತಿ ‘ರೀ, ಅದು ನಾವೇ ಕಣ್ರೀ’ ಅಂದ್ಲು. ಬೆಳಿಗ್ಗೆ ಗಾಡಿ ಹತ್ತಿದೋನು ಸಂಜೆ ಹೊತ್ತಿಗೆ ಫಾರ್ಚೂನರ್ ಡ್ರೈವರ್ ಆಗ್ಬಿಟ್ಟಿದ್ದೆ.

ಕಾರ್ ನೋಡಿ ಡ್ರೈವರ್ ಎಂಥೋನು ಅಂತ ಹೇಳ್ಬಿಡೋದು ಈಗ ಮೀಮು ರೀಲ್ಸಿನ ತಮಾಷೆ ಅಷ್ಟೇ ಆಗಿ ಉಳಿದಿಲ್ಲ. 2025ರ ನವೆಂಬರಲ್ಲಿ ಹರಿಯಾಣದ ಆಗಿನ ಡಿಜಿಪಿ ಓ.ಪಿ. ಸಿಂಗ್ ಅವರು ಗುರುಗ್ರಾಮದಲ್ಲಿ ಪತ್ರಕರ್ತರ ಎದುರು, ಥಾರ್ ಬಂದ್ರೆ ಬುಲೆಟ್ ಬಂದ್ರೆ ಹೆಂಗೆ ಬಿಡಕ್ಕಾಗತ್ತೆ, ಪುಂಡಾಟ ಮಾಡೋರೆಲ್ಲ ಇವನ್ನೇ ಓಡಿಸ್ತಾರೆ ಅನ್ನೋ ಅರ್ಥದಲ್ಲಿ ಹೇಳಿದ್ರು, ಗಾಡಿ ಆಯ್ಕೆ ಅನ್ನೋದು ಮನಸ್ಥಿತಿ ತೋರ್ಸತ್ತೆ ಅಂತಾನೂ ಅಂದ್ರು. ಅರ್ಧ ದೇಶ ನಕ್ಕು ಶೇರ್ ಮಾಡ್ತು, ಒಬ್ಬ ಥಾರ್ ಓನರ್ ಲೀಗಲ್ ನೋಟಿಸ್ ಕಳ್ಸಿದ. ನಾನೂ ಅವತ್ತು ನಕ್ಕಿದ್ದೆ, ಸುಳ್ಳು ಹೇಳಲ್ಲ. ಆದ್ರೆ ಪೊಲೀಸ್ ಇಲಾಖೆ ಮುಖ್ಯಸ್ಥರೇ ಗಾಡಿ ಮಾಡೆಲ್ ನೋಡಿ ಯಾರನ್ನ ತಡೀಬೇಕು ಅಂತ ಡಿಸೈಡ್ ಮಾಡಿದ್ರೆ ಮುಂದೆ ಏನಾಗತ್ತೆ ಅಂತ ಯೋಚ್ನೆ ಮಾಡ್ಬೇಕಲ್ವಾ, ಯಾಕಂದ್ರೆ ಥಾರ್ ನೋಡಿ ತಡಿಯೋ ಕೈ ಇನ್ಯಾವುದೋ ದೊಡ್ಡ ಗಾಡಿ ನೋಡಿ ಸಲ್ಯೂಟ್ ಹೊಡಿಯೋ ಕೈಯೂ ಆಗಿರತ್ತೆ.

ನಮಗಿದು ಹೊಸದೇನಲ್ಲ. ಕನ್ನಡದಲ್ಲಿ ‘ಗೂಟದ ಕಾರು’ ಅಂತ ಒಂದು ಮಾತೇ ಇದೆ. ಅಂಬಾಸಿಡರ್, ಮೇಲೊಂದು ಕೆಂಪು ದೀಪ, ಒಳಗೆ ಯಾರಿದಾರೆ ಅಂತ ಕಾಣದಿದ್ರೂ ಹೊರಗಿನೋರು ಪಕ್ಕಕ್ಕೆ ಸರ್ಕೊಂಡು ನಿಲ್ತಿದ್ರು, ರಾಜಕೀಯದಲ್ಲಿ ‘ಅವನಿಗೆ ಗೂಟದ ಕಾರ್ ಯೋಗ ಬಂತು’ ಅಂದ್ರೆ ಮಂತ್ರಿ ಆದ ಅಂತ ಅರ್ಥ. 2017ರ ಮೇ 1ರಿಂದ ಆಂಬುಲೆನ್ಸ್, ಫೈರ್ ಇಂಜಿನ್ ಥರದ ತುರ್ತು ಗಾಡಿ ಬಿಟ್ಟು ಮಿಕ್ಕೋರೆಲ್ಲ ಗೂಟ ಕಿತ್ತಿಡ್ಬೇಕಾಯ್ತು. ಗೂಟ ಹೋಯ್ತು, ಸರ್ಕೊಂಡು ನಿಲ್ಲೋ ಅಭ್ಯಾಸ ಹೋಗ್ಲಿಲ್ಲ. ಈಗ ಗಾಡಿ ಸೈಜೇ ಗೂಟ, ಸಾಲದಿದ್ರೆ ಗ್ಲಾಸ್ ಮೇಲೊಂದು ಪ್ರೆಸ್ಸೋ ಅಡ್ವೊಕೇಟೋ ಅಂತ ಸ್ಟಿಕರ್ರು.

ಬೆಂಗಳೂರಲ್ಲಿ ಹತ್ತು ನಿಮಿಷ ಯಾವ್ದಾದ್ರೂ ಸಿಗ್ನಲಲ್ಲಿ ನಿಂತ್ರೆ ಈ ಜಾತಕ ಪೂರ್ತಿ ಕೇಳ್ಬೋದು. ಬಿಳೀ ಫಾರ್ಚೂನರ್ ಅಂದ್ರೆ ರಿಯಲ್ ಎಸ್ಟೇಟ್ ಇಲ್ಲಾ ರಾಜಕೀಯ, ಕರೀ ಸ್ಕಾರ್ಪಿಯೋ ಅಂದ್ರೆ ಅವರ ಹಿಂದೆ ಓಡಾಡೋ ಹುಡುಗ್ರು, ಥಾರ್ ಅಂದ್ರೆ ಅಪ್ಪನ ದುಡ್ಡು, ಬೊಲೆರೋ ಅಂದ್ರೆ ಪಂಚಾಯ್ತಿ ಮೆಂಬರ್ರು ಅಥ್ವಾ ಪೊಲೀಸು, ವ್ಯಾಗನ್ ಆರ್ ಅಂದ್ರೆ ರಿಟೈರ್ಡ್ ಬ್ಯಾಂಕ್ ಅಂಕಲ್ಲು, ಯೆಲ್ಲೋ ಬೋರ್ಡ್ ಡಿಜೈರ್ ಅಂದ್ರೆ ಕಟ್ ಹೊಡಿಯೋನು, ಇಂಡಿಕೇಟರ್ ಹಾಕದೆ ತಿರುಗಿದ್ರೆ ಬಿಎಂಡಬ್ಲ್ಯೂ. ಸಣ್ಣ ಕಾರೊಂದು ಸ್ಲೋ ಆಗಿ ಹೋಗ್ತಿದ್ರೆ ಪಕ್ಕಕ್ಕೆ ಬಂದು ಒಳಗೆ ಇಣುಕಿ ನೋಡೋರು ಎಷ್ಟು ಜನ, ಲೇಡಿ ಇದ್ರೆ ‘ಅದೇ ಅಂದ್ಕೊಂಡೆ’, ಗಂಡಸಿದ್ರೆ ಏನೂ ಅನ್ಕೊಳ್ಳಲ್ಲ, ಆ ಗಂಡಸು ಲೆಕ್ಕಕ್ಕೇ ಬರಲ್ಲ. ಆಮೇಲೆ ನಂಬರ್ ಪ್ಲೇಟ್ ಬೇರೆ: ಹರಿಯಾಣದ ಎಚ್‌ಆರ್ ಇದ್ರೆ ಒಂದು ಬೈಗುಳ, ಟಿಎನ್ ಇದ್ರೆ ಇನ್ನೊಂದು, ದೊಡ್ಡ ಕಾರಿಗೆ ಪಿವೈ ಇದ್ರೆ ‘ಟ್ಯಾಕ್ಸ್ ಉಳ್ಸಕ್ಕೆ ಪಾಂಡಿಚೇರಿಗೆ ಹೋದೋನು’. (ಈ ಕೊನೇದು ಪೂರ್ತಿ ಕಲ್ಪನೆ ಅಲ್ಲ, ಕರ್ನಾಟಕದಲ್ಲಿ ಲೈಫ್ ಟ್ಯಾಕ್ಸ್ ಇಷ್ಟು ಜಾಸ್ತಿ ಇರೋದ್ರಿಂದ ಹಂಗೆ ಮಾಡೋರು ಇದಾರೆ, 2025ರಲ್ಲಿ ಸಾರಿಗೆ ಇಲಾಖೆಯೋರು ಬೆಂಗಳೂರಲ್ಲಿ ಹೊರರಾಜ್ಯ ನೋಂದಣಿಯ ಐಷಾರಾಮಿ ಕಾರುಗಳನ್ನ ಹಿಡಿದಿದ್ದೂ ಇದೆ.)

ಸರಿ, ಇದ್ರಲ್ಲಿ ನಿಜ ಏನೂ ಇಲ್ವಾ? ಸ್ವಲ್ಪ ಇದೆ, ಬೇರೆ ದೇಶಗಳಲ್ಲಿ ಇದನ್ನ ಕೂತು ಅಳೆದಿದಾರೆ. ಫಿನ್ಲೆಂಡಿನ ಹೆಲ್ಸಿಂಕಿ ಯೂನಿವರ್ಸಿಟಿಯ ಯಾನ್ ಎರಿಕ್ ಲೋನ್‌ಕ್ವಿಸ್ಟ್ ಅನ್ನೋ ಪ್ರೊಫೆಸರ್‌ಗೆ ರೆಡ್ ಸಿಗ್ನಲ್ ಹಾರಿಸೋರು, ಜನಕ್ಕೆ ದಾರಿ ಬಿಡದೋರು ಹೆಚ್ಚಾಗಿ ಜರ್ಮನ್ ಕಾರಿನೋರೇ ಯಾಕೆ ಅಂತ ಅನುಮಾನ ಬಂದು, 1,892 ಜನ ಕಾರ್ ಓನರ್‌ಗಳ ಸ್ವಭಾವ ವಿಚಾರಿಸಿ 2020ರಲ್ಲಿ ಪೇಪರ್ ಪಬ್ಲಿಷ್ ಮಾಡಿದ್ರು. ಜಗಳಗಂಟ, ಹಟಮಾರಿ, ಬೇರೆಯೋರ ಕಷ್ಟ ಲೆಕ್ಕಕ್ಕಿಲ್ಲ ಅನ್ನೋ ಸ್ವಭಾವದ ಗಂಡಸ್ರು ಆಡಿ, ಬಿಎಂಡಬ್ಲ್ಯೂ, ಮರ್ಸಿಡಿಸ್ ಥರದ ಕಾರು ಇಟ್ಕೊಂಡಿರೋ ಸಾಧ್ಯತೆ ಜಾಸ್ತಿ ಅಂತ ಬಂತು. ಇಷ್ಟನ್ನ ಎಲ್ಲಾ ಪೇಪರ್‌ಗಳೂ ಹೆಡ್‌ಲೈನ್ ಮಾಡಿದ್ವು. ಅದೇ ಅಧ್ಯಯನದ ಇನ್ನರ್ಧ ಏನಪ್ಪಾ ಅಂದ್ರೆ ಶಿಸ್ತಿನ, ಅಚ್ಚುಕಟ್ಟಾಗಿ ಕೆಲಸ ಮಾಡೋ, ಜವಾಬ್ದಾರಿ ಇರೋ ಗಂಡಸ್ರೂ ಹೆಂಗಸ್ರೂ ಅದೇ ಕಾರುಗಳನ್ನ ಇಷ್ಟ ಪಡ್ತಾರೆ, ಗಟ್ಟಿ ಗಾಡಿ, ನಂಬಬೋದು ಅಂತ. ಅಂದ್ರೆ ಆ ಕಾರಿನ ಸ್ಟೀರಿಂಗ್ ಹಿಂದೆ ಕೂತಿರೋನು ಪುಂಡ ಆಗಿರ್ಬೋದು, ನಿಮ್ಮ ಸೊಸೈಟಿಯ ಅತ್ಯಂತ ನಿಯತ್ತಿನ ಡಾಕ್ಟರೂ ಆಗಿರ್ಬೋದು. ಇದು ನಮ್ಮ ಗಮನಕ್ಕೆ ಬರಲ್ಲ, ಯಾಕಂದ್ರೆ ಡಾಕ್ಟರು ಸುಮ್ನೆ ಹೋಗ್ಬಿಡ್ತಾರೆ, ಕಟ್ ಹೊಡೆದೋನು ಮಾತ್ರ ನೆನಪಿರ್ತಾನೆ.

ಲಾಸ್ ವೇಗಸ್ ಕಡೆ 2020ರ ಸುಮಾರಿಗೆ ಮಾಡಿದ್ದು ಇನ್ನೊಂದಿದೆ. ಜೀಬ್ರಾ ಕ್ರಾಸಿಂಗಲ್ಲಿ ಒಬ್ಬರನ್ನ ದಾಟಕ್ಕೆ ನಿಲ್ಸಿ ಯಾವ ಕಾರು ನಿಲ್ಲತ್ತೆ ನೋಡಿದ್ರು. ಕಾರಿನ ಬೆಲೆ ಒಂದೊಂದು ಸಾವಿರ ಡಾಲರ್ ಏರಿದಂಗೆ ನಿಲ್ಲೋ ಸಾಧ್ಯತೆ ಸುಮಾರು ಶೇ. 3 ಇಳೀತು. ಹಾಗಾದ್ರೆ ದುಡ್ಡಿರೋರೇ ಕೆಟ್ಟೋರು ಅಂತ ಮುಗಿಸ್ಬೋದಿತ್ತು, ಆದ್ರೆ ಅದೇ ಲೆಕ್ಕದಲ್ಲಿ 461 ಕಾರುಗಳ ಪೈಕಿ ನಿಂತಿದ್ದೇ ಶೇ. 28ರಷ್ಟು, ಅಗ್ಗದ್ದು ದುಬಾರಿ ಎಲ್ಲಾ ಸೇರಿ! ಮುಕ್ಕಾಲು ಪಾಲು ಜನ ನಿಲ್ಸಲೇ ಇಲ್ಲ. ನಾವು ಬೈಯಕ್ಕೆ ಮಾತ್ರ ಅದರಲ್ಲಿ ದುಬಾರಿ ಕಾರನ್ನೇ ಹುಡುಕ್ತೀವಿ.

ನನಗೆ ಇದೆಲ್ಲಕ್ಕಿಂತ ಮುಖ್ಯ ಅನ್ಸೋದು ಒಂದು ಹಳೇ ಪ್ರಯೋಗ. 1968ರಲ್ಲಿ ಪ್ರಕಟವಾಗಿದ್ದು, ಡೂಬ್ ಮತ್ತೆ ಗ್ರಾಸ್ ಅಂತ ಇಬ್ರು ಸಂಶೋಧಕರು ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋ, ಮೆನ್ಲೋ ಪಾರ್ಕ್ ಸಿಗ್ನಲ್‌ಗಳಲ್ಲಿ ಮಾಡಿದ್ದು. ಗ್ರೀನ್ ಬಿದ್ರೂ ಕಾರು ಹೊರಡಿಸ್ದೆ ಸುಮ್ನೆ ನಿಂತ್ಕೊಳ್ಳೋದು, ಹಿಂದಿನೋನು ಎಷ್ಟು ಬೇಗ ಹಾರ್ನ್ ಹೊಡೀತಾನೆ ನೋಡೋದು, ಅಷ್ಟೇ. ಒಂದ್ಸಲ ಫಳಫಳ ಹೊಳಿಯೋ ಕ್ರೈಸ್ಲರ್ ಇಂಪೀರಿಯಲ್, ಇನ್ನೊಂದ್ಸಲ ತುಕ್ಕು ಹಿಡಿದ ಹಳೇ ಗಾಡಿ. ಹಳೇ ಗಾಡಿ ಅಡ್ಡ ನಿಂತಾಗ ಶೇ. 84 ಜನ ಹಾರ್ನ್ ಹೊಡೆದ್ರು, ದೊಡ್ಡ ಕಾರಿಗೆ ಶೇ. 50. ಇಬ್ರಂತೂ ಹಾರ್ನ್ ಬಿಟ್ಟು ಸೀದಾ ಹಳೇ ಗಾಡಿ ಬಂಪರ್‌ಗೇ ಗುದ್ದಿದ್ರಂತೆ. ಮಜಾ ಏನಂದ್ರೆ ಕಾಲೇಜು ಹುಡುಗ್ರನ್ನ ‘ನೀವಾಗಿದ್ರೆ ಏನ್ ಮಾಡ್ತಿದ್ರಿ’ ಅಂತ ಕೇಳಿದ್ರೆ, ದೊಡ್ಡ ಕಾರಿಗೇ ಬೇಗ ಹೊಡೀತಿದ್ವಿ ಅಂದ್ರು. ಬಾಯಲ್ಲಿ ದೊಡ್ಡೋರನ್ನ ಬೈಯೋದು, ಕೈಯಲ್ಲಿ ಸಣ್ಣೋರಿಗೆ ಹಾರ್ನ್ ಹೊಡಿಯೋದು. ನಮ್ಮ ಸಿಲ್ಕ್ ಬೋರ್ಡಲ್ಲಿ ನಿಂತು ಬರೆದಂಗಿದೆ.

ಇಲ್ಲಿಗೆ ನನ್ನ ಹಾಸನದ ಕಥೆ ಸೇರಿಸ್ಕೊಳ್ಳಿ. ಫಾರ್ಚೂನರ್‌ನೋರು ನುಗ್ಗಿಸ್ತಾರೆ ಅಂತ ನಂಬಿರೋ ನಾವೇ ಅದು ಬಂದ ತಕ್ಷಣ ಸೈಡ್ ಕೊಡ್ತೀವಿ, ಸೈಡ್ ಸಿಕ್ಕಿ ಸಿಕ್ಕಿ ಅಭ್ಯಾಸ ಆದೋನು ಸಿಗದಿದ್ದಾಗ ಡಿಪ್ಪರ್ ಹೊಡೀತಾನೆ, ಅದನ್ನ ನೋಡಿ ‘ನೋಡಿದ್ಯಾ, ಹೇಳಿಲ್ವಾ’ ಅಂತೀವಿ. ನನಗೆ ಹಂಗಾಗಕ್ಕೆ ಒಂದೇ ದಿನ ಸಾಕಾಯ್ತು, ಅಷ್ಟು ದುಡ್ಡು ಕೊಟ್ಟು ತಗೊಂಡು ದಿನಾ ಓಡಿಸೋರಿಗೆ ಏನಾಗ್ಬೇಡ. ಈ ‘ಗುಣ’ದಲ್ಲಿ ಎಷ್ಟು ಪಾಲು ಡ್ರೈವರ್‌ದು, ಎಷ್ಟು ಪಾಲು ಪಕ್ಕಕ್ಕೆ ಸರ್ಕೊಂಡ ನಮ್ದು ಅಂತ ಬಿಡಿಸಿ ಹೇಳೋದು ಕಷ್ಟ. ಇಲ್ಲಿ ಕೆಲಸ ಮಾಡ್ತಿರೋದು ಭವಿಷ್ಯ ಹೇಳೋ ಜಾತಕ ಅಲ್ಲ, ರೋಡಲ್ಲಿ ಯಾರು ಯಾರಿಗೆ ದಾರಿ ಬಿಡ್ಬೇಕು ಅಂತ ಬರೆಯದೇ ಇರೋ ರೂಲ್ ಬುಕ್ಕು.

ಇನ್ನು ಸ್ವಭಾವಕ್ಕೆ ಸಂಬಂಧವೇ ಇಲ್ಲದ, ಗಾಡಿ ಆಕಾರಕ್ಕೇ ಸೇರಿದ ವಿಷ್ಯಗಳಿವೆ, ಅದನ್ನೂ ಡ್ರೈವರ್ ತಲೆಗೇ ಕಟ್ತೀವಿ. ಎತ್ತರದಲ್ಲಿ ಕೂತ್ರೆ ರೋಡು ನಿಧಾನ ಹಿಂದೆ ಹೋದಂಗೆ ಕಾಣತ್ತೆ, ನೂರರಲ್ಲಿ ಹೋಗ್ತಿದ್ರೂ ಎಪ್ಪತ್ತು ಅನ್ಸತ್ತೆ, ಹಾಸನ ರೋಡಲ್ಲಿ ನಾನೇ ಮೀಟರ್ ನೋಡಿ ಎರಡು ಸಲ ಬೆಚ್ಚಿದೀನಿ. ಬಾನೆಟ್ ಎತ್ತರ ಇದ್ರೆ ಮುಂದೆ ಚಿಕ್ಕ ಮಕ್ಕಳು ನಿಂತಿದ್ರೂ ಕಾಣಲ್ಲ. ಅಮೆರಿಕದಲ್ಲಿ ರಸ್ತೆ ಸುರಕ್ಷತೆ ಅಧ್ಯಯನ ಮಾಡೋ ಐಐಎಚ್‌ಎಸ್ ಸಂಸ್ಥೆ 2023ರಲ್ಲಿ ಹೇಳಿದ ಪ್ರಕಾರ ಬಾನೆಟ್ 40 ಇಂಚಿಗಿಂತ ಎತ್ತರ ಇರೋ ಗಾಡಿ ನಡ್ಕೊಂಡು ಹೋಗೋರಿಗೆ ಗುದ್ದಿದ್ರೆ, 30 ಇಂಚು ಅಥ್ವಾ ಅದಕ್ಕಿಂತ ಕಮ್ಮಿ ಎತ್ತರದ ಇಳಿಜಾರು ಬಾನೆಟ್ ಗಾಡಿಗೆ ಹೋಲಿಸಿದ್ರೆ ಸಾವಾಗೋ ಸಾಧ್ಯತೆ ಸುಮಾರು ಶೇ. 45 ಜಾಸ್ತಿ. ಬುದ್ಧನನ್ನೇ ಕೂರ್ಸಿ ಓಡಿಸಿದ್ರೂ ಬಾನೆಟ್ ತಗ್ಗಲ್ಲ. ಥಾರ್ ಓಡಿಸೋನು ಎಂಥ ಹುಡ್ಗ ಅಂತ ಚರ್ಚೆ ಮಾಡೋ ಬದ್ಲು ಗಾಡಿ ಮೂತಿ ಎಷ್ಟು ಎತ್ತರ ಇರ್ಬೋದು ಅಂತ ಯಾರಾದ್ರೂ ರೂಲ್ ಮಾಡಿದ್ರೆ ಪ್ರಯೋಜನ ಆಗ್ತಿತ್ತು, ಆದ್ರೆ ಅದು ಬೋರಿಂಗು, ರೀಲ್ಸ್ ಆಗಲ್ಲ.

ಮತ್ತೆ ಜನ ಕಾರನ್ನ ಸ್ವಭಾವ ನೋಡಿ ಎಲ್ಲಿ ತಗೋತಾರೆ ಹೇಳಿ? ಇಎಂಐ ನೋಡಿ ತಗೋತಾರೆ, ಮೈಲೇಜು, ಅಪ್ಪ ಅಮ್ಮ ಹತ್ತಿ ಇಳಿಯಕ್ಕಾಗತ್ತಾ, ಊರಲ್ಲಿ ಸರ್ವಿಸ್ ಇದ್ಯಾ, ಇಷ್ಟೇ. ನಮ್ಮ ರೋಡಲ್ಲಿ ನಾಕು ಮೀಟರಿಗಿಂತ ಒಂಚೂರು ಕಮ್ಮಿ ಇರೋ, ಹಿಂಭಾಗ ಕತ್ತರಿಸಿದಂಗಿರೋ ಕಾರುಗಳು ಇಷ್ಟೊಂದು ಯಾಕಿವೆ ಅಂದ್ರೆ ನಾಕು ಮೀಟರ್ ಒಳಗಿದ್ರೆ ಟ್ಯಾಕ್ಸ್ ಕಮ್ಮಿ ಅಂತ 2006ರಿಂದ ಇರೋ ನಿಯಮ, 2025ರ ಸೆಪ್ಟೆಂಬರ್ 22ರಿಂದಂತೂ ಸಣ್ಣ ಕಾರಿಗೆ ಜಿಎಸ್‌ಟಿ ಶೇ. 18, ದೊಡ್ಡದಕ್ಕೆ 40. ಥಾರ್ ಕೂಡ 2020ರಲ್ಲಿ ಹೊಸ ರೂಪದಲ್ಲಿ ಬಂದಾಗ ಬರೀ ಫೋರ್ ಬೈ ಫೋರ್, 2023ರ ಜನವರಿಲಿ ಟೂ ವೀಲ್ ಡ್ರೈವ್ 9.99 ಲಕ್ಷದಿಂದ ಶುರು ಅಂತ ಬಂದ್ಮೇಲೆ ತಗೋಳೋರೇ ಬದ್ಲಾದ್ರು, ನಮ್ಮ ಏರಿಯಾದಲ್ಲಿ ಒಬ್ಬ ಮೇಷ್ಟ್ರು ಥಾರಲ್ಲಿ ಸ್ಕೂಲಿಗೆ ಹೋಗ್ತಾರೆ, ಮೂವತ್ತೈದು ದಾಟಲ್ಲ.

ಈ ಹಣೆಪಟ್ಟಿ ಎಷ್ಟು ಪವರ್‌ಫುಲ್ಲು ಅಂದ್ರೆ ಒಂದು ಕಾರನ್ನೇ ಅದು ಕೊಂದಿದೆ. ನ್ಯಾನೋ ನೆನಪಿದ್ಯಲ್ಲ. ಒಂದು ಲಕ್ಷದ ಕಾರು ಅಂತ 2008ರಲ್ಲಿ ತೋರ್ಸಿದಾಗ ಪ್ರಪಂಚವೇ ತಿರುಗಿ ನೋಡ್ತು, ಸ್ಕೂಟರಲ್ಲಿ ಮಳೇಲಿ ನೆನೀತಾ ಹೋಗ್ತಿದ್ದ ಫ್ಯಾಮಿಲಿಗೆ ಅಂತ ಮಾಡಿದ್ದು. ಆ ಫ್ಯಾಮಿಲಿ ತಗೊಳ್ಲೇ ಇಲ್ಲ, ಬೀದಿಲಿ ನಿಲ್ಸಿದ್ರೆ ‘ಪಾಪ, ಇಷ್ಟೇ ಆಗಿದ್ದು ಇವ್ರಿಗೆ’ ಅಂತಾರಲ್ಲ ಅಂತ ಒಂದೆರಡು ವರ್ಷ ಕಾದು ಆಲ್ಟೋ ತಗೊಂಡ್ರು. ಅತಿ ಅಗ್ಗದ ಕಾರು ಅಂತ ಬಿಂಬಿಸಿದ್ದೇ ತಪ್ಪಾಯ್ತು ಅಂತ ರತನ್ ಟಾಟಾ ಅವರೇ ಆಮೇಲೆ ಒಪ್ಕೊಂಡ್ರು. ಕೆಲವು ಬೆಂಕಿ ಪ್ರಕರಣ, ಸೇಫ್ಟಿ ಪ್ರಶ್ನೆ ಎಲ್ಲಾ ಇತ್ತು ನಿಜ, ಆದ್ರೆ ಕೊನೇ ಮೊಳೆ ಹೊಡೆದಿದ್ದು ಪಕ್ಕದ್ಮನೆಯೋರ ಕಣ್ಣು.

ಯೆಲ್ಲೋ ಬೋರ್ಡ್ ವಿಷ್ಯ ನನಗೆ ಎಲ್ಲಕ್ಕಿಂತ ಬೇಜಾರು. ನಾವು ದಿನಕ್ಕೆ ಒಂದೆರಡು ಗಂಟೆ ಓಡಿಸ್ತೀವಿ, ಅವರು ಹನ್ನೆರಡು ಹದಿನಾಕು ಗಂಟೆ ರೋಡಲ್ಲೇ ಇರ್ತಾರೆ. ಒಬ್ಬನೇ ಅಷ್ಟು ಹೊತ್ತು ಓಡಾಡಿದ್ರೆ ನಿಮ್ಮ ಕಣ್ಣಿಗೆ ಬೀಳೋ ತಪ್ಪುಗಳಲ್ಲಿ ಅವನ ಪಾಲು ಜಾಸ್ತಿ ಇರೋದು ಲೆಕ್ಕಾಚಾರ, ಅದಕ್ಕೂ ಸ್ವಭಾವಕ್ಕೂ ಸಂಬಂಧ ಇಲ್ಲ. ನಿದ್ದೆ ಇಲ್ಲದೆ ಕೆಂಪಾದ ಕಣ್ಣು, ಏರ್‌ಪೋರ್ಟ್ ಟೈಮು, ಆಪ್ ಕೊಡೋ ಇನ್ಸೆಂಟಿವ್ ಟಾರ್ಗೆಟ್ಟು, ಇದ್ಯಾವ್ದೂ ನಂಬರ್ ಪ್ಲೇಟ್ ಮೇಲೆ ಬರೆದಿರಲ್ಲ. ಸಣ್ಣದಾಗಿ ತಾಗಿದ್ರೆ ಬಿಳೀ ಬೋರ್ಡಿನೋರಿಗೆ ‘ಸಾರ್ ನೋಡ್ಕೊಂಡು ಬರ್ಬಾರ್ದಾ’, ಹಳದಿ ಬೋರ್ಡಿಗೆ ‘ಲೋ, ಕಣ್ ಕಾಣಲ್ವೇನೋ’. ತಪ್ಪು ಯಾರ್ದು ಅಂತ ಇಳಿದು ನೋಡೋಕೆ ಮುಂಚೇನೇ ಬಹುವಚನ ಏಕವಚನ ಡಿಸೈಡ್ ಆಗಿರತ್ತೆ.

ಈ ಜಗಳದಲ್ಲಿ ಎರಡೂ ಕಡೆ ಕಾರಿನೋರೇ ಅನ್ನೋದೂ ಒಂದು ಮಾತು. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ 2022ರಲ್ಲಿ ರಸ್ತೆ ಅಪಘಾತಕ್ಕೆ ಸತ್ತೋರು 1,68,491. ಅದರಲ್ಲಿ ಶೇ. 44.5 ಟೂ ವೀಲರ್‌ನೋರು, ಶೇ. 19.5 ನಡ್ಕೊಂಡು ಹೋಗ್ತಿದ್ದೋರು. ವ್ಯಾಗನ್ ಆರ್ ಆಗ್ಲಿ ಫಾರ್ಚೂನರ್ ಆಗ್ಲಿ ಆಕ್ಟಿವಾದಲ್ಲಿ ಹೋಗೋರಿಗೆ ಎಲ್ಲಾ ಒಂದೇ.

ಗಾಡಿ ಮುಖ ನೋಡದೆ ಡ್ರೈವಿಂಗ್ ಮಾತ್ರ ನೋಡೋದು ಯಾರಾದ್ರೂ ಇದ್ರೆ ಸದ್ಯಕ್ಕೆ ಕ್ಯಾಮೆರಾ. ಬೆಂಗಳೂರು ಮೈಸೂರು ಹೈವೇಲಿ ಹಾಕಿರೋ ಕ್ಯಾಮೆರಾಗಳು ಸ್ಪೀಡು, ಸೀಟ್ ಬೆಲ್ಟು, ನಂಬರ್ ಪ್ಲೇಟು ನೋಡ್ತಾವೆ ಅಷ್ಟೇ, ಲೋಗೋ ನೋಡಿ ಸಲ್ಯೂಟ್ ಹೊಡಿಯಲ್ಲ. 2025ರಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ಸರ್ಕಾರಿ ಕಾರಿನ ಮೇಲೇ ಕೇಸ್‌ಗಳು ಬಿದ್ದಿದ್ದು, ಹೆಚ್ಚಿನವು ಸೀಟ್ ಬೆಲ್ಟ್‌ದು, ಶೇ. 50 ರಿಯಾಯ್ತಿಲಿ ದಂಡ ಕಟ್ಟಿದ್ದು ಸುದ್ದಿ ಆಗಿತ್ತಲ್ಲ. ಸಿಗ್ನಲಲ್ಲಿ ನಿಂತ ಪೇದೆಗೆ ಆ ಕಾರು ತಡಿಯೋ ಧೈರ್ಯ ಬರೋದುಂಟಾ, ಕಂಬದ ಮೇಲಿರೋ ಕ್ಯಾಮೆರಾಗೆ ಬಂತು.

ಇನ್ಶೂರೆನ್ಸ್ ಮಾತ್ರ ಇನ್ನೂ ಗಾಡಿ ಮುಖಾನೇ ನೋಡತ್ತೆ. ಥರ್ಡ್ ಪಾರ್ಟಿ (ನಮ್ಮ ಗಾಡಿಯಿಂದ ಬೇರೆಯೋರಿಗೆ ಆಗೋ ನಷ್ಟದ) ಪ್ರೀಮಿಯಂ 2022ರ ಜೂನಲ್ಲಿ ನಿಗದಿ ಆಗಿದ್ದ ದರದ ಪ್ರಕಾರ 1000 ಸಿಸಿ ಒಳಗಿದ್ರೆ ವರ್ಷಕ್ಕೆ 2,094 ರೂಪಾಯಿ, 1500 ಸಿಸಿ ದಾಟಿದ್ರೆ 7,897. ನಾನು ಎಂಥ ಹುಚ್ಚನ ಥರ ಓಡಿಸಿದ್ರೂ 2,094, ಭಾವ ಎಷ್ಟೇ ಜೋಪಾನವಾಗಿ ಓಡಿಸಿದ್ರೂ 7,897. ಓನ್ ಡ್ಯಾಮೇಜ್, ಅಂದ್ರೆ ನಮ್ಮ ಗಾಡಿಗೇ ಆಗೋ ನಷ್ಟದ ಭಾಗದಲ್ಲಿ ಕ್ಲೈಮ್ ಮಾಡದಿದ್ರೆ ಶೇ. 50ರವರೆಗೆ ಬೋನಸ್ ಇದೆ, ಆದ್ರೆ ಕ್ಲೈಮ್ ಮಾಡ್ದೆ ಇರೋದಕ್ಕೂ ಚೆನ್ನಾಗಿ ಓಡಿಸೋದಕ್ಕೂ ಇರೋ ಸಂಬಂಧ ಗ್ಯಾರೇಜಿನೋರನ್ನ ಕೇಳಿ. ಇನ್ಶೂರೆನ್ಸ್ ಕಂಪನಿಗಳ ಮೇಲೆ ಕಣ್ಣಿಡೋ ಐಆರ್‌ಡಿಎಐ 2022ರ ಜುಲೈನಲ್ಲೇ ಎಷ್ಟು ಓಡಿಸ್ತೀರಿ, ಹೆಂಗೆ ಓಡಿಸ್ತೀರಿ ಅನ್ನೋದರ ಮೇಲೆ ಪ್ರೀಮಿಯಂ ಹಾಕೋ ಆಡ್ ಆನ್‌ಗಳಿಗೆ ದಾರಿ ಮಾಡಿಕೊಡ್ತು. ಸಡನ್ ಬ್ರೇಕು, ಸ್ಪೀಡು ಎಲ್ಲಾ ಮೊಬೈಲೋ ಡಿವೈಸೋ ಲೆಕ್ಕ ಇಡತ್ತೆ, ಚೆನ್ನಾಗಿ ಓಡಿಸಿದ್ರೆ ಡಿಸ್ಕೌಂಟು.

ನಮ್ಮ ಗಾಡಿ ರಿನ್ಯೂವಲ್ ಬಂದಿತ್ತು, ಸರಿ ಇದನ್ನೇ ಹಾಕಿಸೋಣ ಅಂತ ಏಜೆಂಟ್‌ಗೆ ಫೋನ್ ಮಾಡಿ, ಹೆಂಗೆ ಓಡಿಸ್ತೀನಿ ಅಂತ ನೋಡಿ ರೇಟ್ ಹಾಕೋ ಪಾಲಿಸಿ ಇದೆಯಂತಲ್ಲ, ಅದು ಬೇಕು ಅಂದೆ.

‘ಯಾವ ಗಾಡಿ ಸಾರ್?’

‘ವ್ಯಾಗನ್ ಆರ್.’

‘ಅಯ್ಯೋ, ಅದಕ್ಕೆಲ್ಲ ಅದ್ಯಾಕೆ ಸಾರ್, ನಾರ್ಮಲ್‌ದೇ ಮಾಡ್ಸಿ.’